ಇಟಾಲಿಯನ್ ಹೋಟೆಲಿನಲ್ಲಿ ನಮ್ಮ ಅತ್ತೆ

ನಮ್ಮ ಅತ್ತೆ ನೀಲವ್ವ ಕುರನೂರಿನವರು. ನಾನು ಅವರ ಅಳಿಯನಾಗಿ ಇಪ್ಪತ್ತೆರಡು ವರ್ಷಗಳಾದವು. ಈ ಅವಧಿಯಲ್ಲಿ ಅವರು ನನ್ನ ಬಗ್ಗೆ ಒಂದೇ ಒಂದು ಒಳ್ಳೆಯ ಮಾತಾಡಿದ ದಾಖಲೆಯಿಲ್ಲ. ಸೊಲ್ಲಾಪುರದ ನವಿ ಪೇಠದಲ್ಲಿ ಸೀರೆ ಅಂಗಡಿ ಇಟ್ಟು ದಿನಾ ಅಷ್ಟೊಂದು ಹೆಂಗಸರ ಮನಸ್ಸು ಒಲಿಸುವ ನನಗೆ ಈ ಒಬ್ಬರು ಮಾತ್ರ ಒಲಿದಿರಲಿಲ್ಲ.

ಹೋದ ತಿಂಗಳು ಅವರು ನಮ್ಮಲ್ಲಿಗೆ ಬಂದಾಗ ನಾನೊಂದು ಯೋಜನೆ ಹಾಕಿದೆ. ನಮ್ಮ ಓಣಿಯ ತುದಿಗೆ ಬಹಳ ವರ್ಷಗಳಿಂದ ಒಂದು ಇಟಾಲಿಯನ್ ಹೋಟೆಲ್ ಇದೆ. ಮೇಜುಗಳಿಗೆ ಕೆಂಪು ಚೌಕಳಿ ಬಟ್ಟೆ, ಗೋಡೆಗೆ ದೋಣಿಗಳ ಚಿತ್ರ, ಒಳಗೊಂದು ಇಟ್ಟಿಗೆಯ ಒಲೆ. ಅದರ ಮುಂದೆ ದಿನಾ ಹಾದುಹೋಗುತ್ತೇನೆ; ಒಳಗೆ ಕಾಲಿಟ್ಟಿರಲಿಲ್ಲ. ಆದರೂ ಅತ್ತೆಯ ಮುಂದೆ, ಅಲ್ಲಿ ನಾನು ಕಾಯಂ ಗಿರಾಕಿ ಎಂದು ಹೇಳಿಬಿಟ್ಟೆ. ಹೆಂಡತಿ ಶೋಭಾ ನನ್ನ ಕಡೆ ನೋಡಿದಳು. ನಾನು ಅವಳ ಕಡೆ ನೋಡಲಿಲ್ಲ.

ಸಂಜೆ ಏಳಕ್ಕೆ ಹೋಟೆಲ್ ತಲುಪಿದೆವು. ನಾನು ಬಾಗಿಲನ್ನು ಬಲವಾಗಿ ಎಳೆಯುತ್ತ ನಿಂತೆ. ಅತ್ತೆ ಒಂದು ಬೆರಳಿನಿಂದ ದೂಡಿ ಒಳಗೆ ಹೋದರು.

ಮೆನುವಿನಲ್ಲಿ ನಾಲಿಗೆಗೆ ಹತ್ತುವ ಹೆಸರು ಒಂದೂ ಇರಲಿಲ್ಲ. ಕಾಯಂ ಗಿರಾಕಿ ಮೆನು ಓದುವುದುಂಟೇ? ಅದನ್ನು ಮಡಚಿಟ್ಟು, ವೇಟರ್‌ಗೆ ಗಂಭೀರವಾಗಿ ಮರಾಠಿಯಲ್ಲಿ ಅಪ್ಪಣೆ ಕೊಟ್ಟೆ: "ನೇಹಮೀಚಂಚ ಆಣಾ." ಯಾವಾಗಲೂ ತರುವುದನ್ನೇ ತನ್ನಿ ಎಂದು! ಆ ನಡುವಯಸ್ಸಿನ ವೇಟರ್ ನನ್ನ ಬೋಳು ತಲೆಯನ್ನು ಎರಡು ಕ್ಷಣ ನೋಡಿ, ನಗುತ್ತ ಒಳಗೆ ಹೋದ. ನನಗೇ ಆಶ್ಚರ್ಯವಾಯಿತು.

ಮೂರು ಬಟ್ಟಲು ಬಂದವು. ಒಳಗೆ ಬೆಂದು ಬೆಂದು ಮುದ್ದೆಯಾದ ಬಿಳಿ ಮ್ಯಾಕರೋನಿ. ಉಪ್ಪಿಲ್ಲ, ಖಾರವಿಲ್ಲ.

"ಹಲ್ಲಿನ ಸೆಟ್ ಇನ್ನೂ ಬಂದಿಲ್ಲೇನ್ರಿ ಕಾಕಾ?" ಎಂದು ವೇಟರ್ ಕನಿಕರದಿಂದ ಕೇಳಿದ.

ಆಗ ಹೊಳೆಯಿತು: ಹಿಂದಿನ ಓಣಿಯ ಒಬ್ಬ ಬೋಳು ತಲೆಯ, ಹಲ್ಲಿಲ್ಲದ ಹಿರಿಯರು ದಿನಾ ಇಲ್ಲಿ ಮೆತ್ತಗಿನದನ್ನೇ ಉಣ್ಣುತ್ತಾರೆಂದು ಕೇಳಿದ್ದೆ. ಅವನು ನನ್ನನ್ನೇ ಅವರೆಂದು ತಿಳಿದಿದ್ದ! ಈಗ ನನ್ನ ಮುಂದೆ ಎರಡೇ ದಾರಿ: ನಿಜ ಹೇಳುವುದು, ಇಲ್ಲವೇ ಮೂವತ್ತೆರಡು ಹಲ್ಲುಗಳನ್ನು ಮುಚ್ಚಿಡುವುದು. ನಾನು ತುಟಿ ಬಿಗಿದು ತಲೆಯಾಡಿಸಿದೆ.

ಅತ್ತೆ ಒಂದು ಚಮಚ ಬಾಯಿಗಿಟ್ಟರು. "ಅಳಿಯಾರ, ಇದು ಬಾಣಂತಿ ಊಟ ಅದ. ಇಲ್ಲಿ ಯಾರ ಹಡದಾರ?"

ಇಟಲಿಯ ಅರಸರು ಇದನ್ನೇ ಉಣ್ಣುತ್ತಿದ್ದರು ಎಂದು ನಾನು ತುಟಿ ತೆರೆಯದೆ ವಿವರಿಸಿದೆ. ಶೋಭಾಳಿಗೆ ನೀರು ನೆತ್ತಿಗೇರಿತು.

ಅಷ್ಟರಲ್ಲಿ ಅತ್ತೆಯ ಕಣ್ಣು ಒಲೆಯ ಕಡೆ ಹೋಯಿತು. ಪಿಜ್ಜಾ ಮಾಡುವ ಭಟ್ಟರು ಅಂದು ರಜೆ. ಮಾಲೀಕರೇ ನಿಂತು ಹಿಟ್ಟನ್ನು ಎಳೆದಾಡುತ್ತಿದ್ದರು. ಒಂದು ಹರಿಯಿತು. ಎರಡನೆಯದೂ ಹರಿಯಿತು. ಮೂರನೆಯದು ಹರಿಯುವಾಗ ಅತ್ತೆ ಎದ್ದರು. ನಾನು ಸೆರಗು ಹಿಡಿದು ತಡೆಯಲು ಹೋಗಿ ಮೇಜಿನ ಬಟ್ಟೆ ಹಿಡಿದೆ. ಮೂರೂ ಬಟ್ಟಲು ನನ್ನ ಮಡಿಲಿಗೆ ಬಂದವು!

"ಸರೀರಿ ತಮ್ಮಾ," ಎಂದರು ಅತ್ತೆ ಮಾಲೀಕರಿಗೆ. "ಹಿಟ್ಟಿನ ಮ್ಯಾಲ ಯಾಕ ಸಿಟ್ಟು?"

ಕೈ ತೊಳೆದು, ಬಳೆ ಮೇಲಕ್ಕೇರಿಸಿ, ಜೋಳದ ರೊಟ್ಟಿ ಬಡಿಯುವಂತೆ ಬಡಿಯತೊಡಗಿದರು. ಹಿಟ್ಟು ಅಂಗೈ ಕೆಳಗೆ ತಿರುಗುತ್ತ ತಿರುಗುತ್ತ ದುಂಡಗೆ, ತೆಳ್ಳಗೆ ಹರಡಿತು. ಮಾಲೀಕರು ಟೊಮೆಟೊ, ಚೀಸ್ ಹರಡಿ ಒಲೆಗಿಟ್ಟರು. ಅಂಚು ಉಬ್ಬಿ, ಕೆಂಪಗೆ ಬೆಂದು ಬಂತು. ಹೋಟೆಲಿಗೆ ಹೋಟೆಲೇ ಚಪ್ಪಾಳೆ ತಟ್ಟಿತು. ಎಲ್ಲ ಮೇಜಿನವರಿಗೂ 'ಆಜಿಯ ಪಿಜ್ಜಾ', ಅಂದರೆ ಅಜ್ಜಿಯ ಪಿಜ್ಜಾ, ಬೇಕಾಯಿತು. ಅತ್ತೆ ಹನ್ನೊಂದು ಬಡಿದರು.

ಆ ಸಂಭ್ರಮದಲ್ಲಿ ನಾನು ಎಲ್ಲ ಮರೆತು ಗರಿಗರಿ ಅಂಚನ್ನು ಕಟ್ಟೆಂದು ಕಡಿದೆ. ವೇಟರ್ ಬಗ್ಗಿ ನನ್ನ ಬಾಯೊಳಗೆ ನೋಡಿದ.

"ಸೆಟ್ ಛಲೋ ಕೂತದ ನೋಡ್ರಿ ಕಾಕಾ," ಎಂದ.

ಹೊರಗೆ ಬರುವಾಗ ಅತ್ತೆ ಕೈಗೆ ಹತ್ತಿದ ಹಿಟ್ಟು ಒರೆಸಿಕೊಳ್ಳುತ್ತ ಹೇಳಿದರು: "ಅಳಿಯಾರ, ಛಲೋ ಜಾಗಾಕ್ಕ ಕರಕೊಂಡ ಬಂದ್ರಿ."

ಇಪ್ಪತ್ತೆರಡು ವರ್ಷಗಳ ತಪಸ್ಸು ಫಲಿಸಿತ್ತು! ಮ್ಯಾಕರೋನಿ ಮೆತ್ತಿದ ಪ್ಯಾಂಟಿನಲ್ಲೇ ಚುನಾವಣೆ ಗೆದ್ದವನಂತೆ ಮನೆಗೆ ನಡೆದೆ.

ಮರುವಾರ, ಈಗ ನಿಜವಾಗಿಯೂ ಪರಿಚಯದವನೆಂದು ಎದೆಯುಬ್ಬಿಸಿ ಒಬ್ಬನೇ ಹೋದೆ. ಮಾಲೀಕರು ಓಡಿಬಂದು, ಒಳ್ಳೆಯ ಕುರ್ಚಿಯೊಂದನ್ನು ಒರೆಸಿಟ್ಟು, ನನ್ನ ಬೆನ್ನ ಹಿಂದೆ ಇಣುಕಿ ನೋಡಿದರು.

"ಆಜಿ ಬಂದಿಲ್ಲೇನ್ರಿ?"

ಇಲ್ಲ, ಊರಿಗೆ ಹೋಗಿದ್ದಾರೆ ಎಂದೆ. ಅವರು ಆ ಕುರ್ಚಿಯನ್ನು ಎತ್ತಿಕೊಂಡು ಒಳಗೆ ಹೋದರು.