ನೂರಹದಿನಾಲ್ಕನೇ ಮರ

ಬೆಳಿಗ್ಗೆ ಹತ್ತೂವರೆಗೆ ಕಂಪ್ಯೂಟರು ನೂರಹದಿನಾಲ್ಕನೇ ಮರವನ್ನು ಕಡಿಯಿರಿ ಎಂದಿತು. ಅರಣ್ಯ ಕಚೇರಿಯ ಆ ಪ್ರೋಗ್ರಾಮಿಗೆ ಪ್ರತಿ ಮರದ ಸುತ್ತಳತೆ, ಎತ್ತರ ತುಂಬಿದರೆ ಸಾಕು; ಮುಂದಿನ ಐವತ್ತು ವರ್ಷ ತೋಪು ಹೇಗೆ ಬೆಳೆಯುತ್ತದೆ, ಯಾವ ಮರ ಉಳಿಯಬೇಕು, ಯಾವುದು ಹೋಗಬೇಕು ಎಂದು ಹೇಳಿಬಿಡುತ್ತಿತ್ತು. ಅದನ್ನು ನಡೆಸುತ್ತಿದ್ದವನನ್ನು ಎಲ್ಲರೂ ಕಂಪ್ಯೂಟರಣ್ಣ ಎನ್ನುತ್ತಿದ್ದರು. ಅಣ್ಣ ಎಂದರೇ ಹೊರತು ಊಟಕ್ಕೆ ಬಾ ಎಂದವರಿಲ್ಲ. ಊಟದ ಮೇಜಿಗೆ ನಾಲ್ಕೇ ಕುರ್ಚಿ, ಅವನು ಐದನೆಯವನು.

ಹಾಗಾಗಿ ಆರು ವರ್ಷದಿಂದ ಅವನ ಊಟ ಕಚೇರಿ ಹಿಂದಿನ ತೋಪಿನಲ್ಲಿ, ಇದೇ ನೂರಹದಿನಾಲ್ಕರ ಬುಡದಲ್ಲಿ. ಬೇರಿನ ಮೇಲೆ ಕೂತು ಬುತ್ತಿ ಬಿಚ್ಚಿ, ಹಿಂದಿನ ದಿನದ ಸುದ್ದಿಯನ್ನೆಲ್ಲ ಮರಕ್ಕೆ ಒಪ್ಪಿಸುತ್ತಿದ್ದ. ಮನೆಯಲ್ಲಿ ಕೇಳುವವರಿರಲಿಲ್ಲ. ಮರ ಹೋದರೆ ಇದ್ದೊಂದು ಮಾತುಕತೆಯೂ ಹೋಯಿತು.

ಗುಟ್ಟಾಗಿ ಸುತ್ತಳತೆಯನ್ನು ಎರಡು ಪಟ್ಟು ಮಾಡಿದ. ಬಲಿತಿದೆ, ಈಗಲೇ ಕಡಿಯಿರಿ ಎಂದಿತು ಪ್ರೋಗ್ರಾಮು. ಅರ್ಧಕ್ಕಿಳಿಸಿದ. ಬಡಕಲು, ಪಕ್ಕದ ಮರಗಳಿಗೆ ಅಡ್ಡ, ಕಡಿಯಿರಿ ಎಂದಿತು. ಅಷ್ಟರಲ್ಲಿ, ಮರಗಳನ್ನು ಅಳೆದು ತರುವ ಅಳತೆಯವನು ಬೆನ್ನ ಹಿಂದೆ ಬಂದು ನಿಂತಿದ್ದ.

"ಏನಣ್ಣ, ಒಂದೇ ಮರ ಒಂದ್ಸಲ ಊದ್ಕೊಳ್ತಿದೆ, ಒಂದ್ಸಲ ಸೊರಗ್ತಿದೆ?"

ಗಾಬರಿಯಲ್ಲಿ ಕಂಪ್ಯೂಟರಣ್ಣ ಬೀಜಕ್ಕೆಂದು ಕಡಿಯದೆ ಉಳಿಸುವ ಮರಗಳಿಗಿದ್ದ 'ಬೀಜದ ಮರ' ಎಂಬ ಚೌಕಕ್ಕೆ ಗುರುತು ಹಾಕಿಬಿಟ್ಟ. ಪರದೆಯ ಮೇಲೆ ಕೆಂಪಗಿದ್ದ ನೂರಹದಿನಾಲ್ಕು ಹಸಿರಾಯಿತು.

ಅಳತೆಯವನ ಹೊಟ್ಟೆಯಲ್ಲಿ ಮಾತು ನಿಲ್ಲುವುದುಂಟೇ? ಸುದ್ದಿ ಕಚೇರಿಯ ಮುಖ್ಯಸ್ಥೆ ಮೇಡಂ ಕಿವಿಗೆ ಬಿತ್ತು. ತೋಪಿನಲ್ಲಿ ಒಂದೂ ಬೀಜದ ಮರ ಗುರುತಿಸಿಲ್ಲವೆಂದು ಮೇಲಿನವರು ತಿಂಗಳಿಂದ ಅವರ ತಲೆ ತಿನ್ನುತ್ತಿದ್ದರು. ಅಂದು ಮಧ್ಯಾಹ್ನವೇ ತನಿಖೆ ಬೇರೆ.

"ಆರು ವರ್ಷಕ್ಕೆ ಇವತ್ತೊಂದು ಕೆಲಸ ಮಾಡಿದ್ರಿ ನೋಡಿ" ಎಂದರು ಮೇಡಂ.

ಆ ಕಚೇರಿಯಲ್ಲಿ ಅವನನ್ನು ಯಾರಾದರೂ ಹೊಗಳಿದ್ದು ಅದೇ ಮೊದಲು. ಹಿಗ್ಗಿಹೋದ ಕಂಪ್ಯೂಟರಣ್ಣ, ಪ್ರೋಗ್ರಾಮು ಕಕ್ಕಿದ ಬೀಜದ ಮರದ ಆರ್ಡರಿನ ಮೂರು ಹಾಳೆಗೂ ಓದದೆ ಸಹಿ ಜಡಿದ. ಸದಾ ತೆವಳುವ ಕಾಗದ ತನಿಖೆಯ ಹೆದರಿಕೆಗೆ ಅಂದು ಓಡಿತು.

ಎರಡು ಗಂಟೆಗೆ ಬುತ್ತಿ ಹಿಡಿದು ಹೋದರೆ ಮರದ ಸುತ್ತ ತಂತಿ ಬೇಲಿ, ಒಳಗೊಬ್ಬ ಕಾವಲುಗಾರ.

"ಬೀಜದ ಮರ ಸಾರ್. ಒಳಗೆ ಯಾರೂ ಬರೋ ಹಾಗಿಲ್ಲ."

"ಇದನ್ನ ಉಳಿಸಿದ್ದೇ ನಾನಪ್ಪ."

"ಗೊತ್ತು ಸಾರ್. ಆರ್ಡರಿನ ಕೆಳಗೆ ನಿಮ್ಮದೇ ಸಹಿ ಇದೆ" ಎಂದು ಕಾವಲುಗಾರ ಮೂರನೇ ಹಾಳೆ ತೋರಿಸಿದ.

ಎಷ್ಟು ದಿನ ಹೀಗೆ ಎಂದು ಕೇಳಿದ್ದಕ್ಕೆ ಬೆರಳಿಟ್ಟು ಓದಿ, "ಐವತ್ತು ವರ್ಷ" ಎಂದ.

ಕಂಪ್ಯೂಟರಣ್ಣ ಬೇಲಿಯಾಚೆ ನಿಂತೇ ಬುತ್ತಿ ಬಿಚ್ಚಿದ. ಮೇಡಂ ಹೊಗಳಿದ ಸುದ್ದಿ ಯಾರಿಗೂ ಹೇಳದೆ ನಾಲಿಗೆಯ ತುದಿಯಲ್ಲೇ ಉಳಿದಿತ್ತು. ಒಳಗೆ ಕಾವಲುಗಾರ ಅದೇ ಬೇರಿನ ಮೇಲೆ ಕೂತು ತನ್ನ ಡಬ್ಬಿ ತೆರೆದ. ತನ್ನ ಜೊತೆ ಎರಡು ಮಾತಾದರೂ ಆಡುತ್ತಾನೇನೋ ಎಂದು ಕಂಪ್ಯೂಟರಣ್ಣ ಕಾದ.

ಕಾವಲುಗಾರ ಬೇಲಿಗೆ ಬೆನ್ನು ಹಾಕಿ, ಮರಕ್ಕೆ ತನ್ನ ಮನೆಯ ಸುದ್ದಿ ಹೇಳತೊಡಗಿದ.