ಮುಸರ್ರತ್ ಅನ್ನು ಮುಸುರೆ ಮಾಡಿದ ಪಂಡಿತರಿಗೆ

ಯಲಹಂಕದ ನಮ್ಮ ಸಮುದಾಯ ಕಾಲೇಜಿನ ಕಂಪ್ಯೂಟರಿನೊಳಗೆ ಬಿಜಯಂಗೈದು, ಯಾರೂ ಕರೆಯದಿದ್ದರೂ ಎಲ್ಲರ ಕಾಗುಣಿತ ತಿದ್ದುತ್ತಿರುವ ತಂತ್ರಾಂಶ ಮಹಾಶಯರಿಗೆ, ಕಚೇರಿ ಸಹಾಯಕಿ ಮತ್ತು ಆಪ್ತ ಕಾರ್ಯದರ್ಶಿ ತರಬೇತಿ ಮುಗಿಸಿದ ಆರ್.ಟಿ. ನಗರದ ಮುಸರ್ರತ್ ಬಾನುವಿನ ಸಾವಿರ ಸಲಾಮುಗಳು.

ಮಾನ್ಯರೇ,

ತಾವು ಕ್ಷೇಮವೆಂದು ಭಾವಿಸುತ್ತೇನೆ; ಕರೆಂಟ್ ಇರುವವರೆಗೆ ತಮಗೇನು ಕಷ್ಟ. ಬಂದ ಟಪಾಲನ್ನು ದಾಖಲಿಸಬೇಕು, ಸಾಹೇಬರು ಮನೆಯಲ್ಲಿ ಮಲಗಿದ್ದರೂ 'ಮೀಟಿಂಗ್‌ನಲ್ಲಿದ್ದಾರೆ' ಎನ್ನಬೇಕು, ಜೀವ ಹೋದರೂ ಯಾರ ಹೆಸರನ್ನೂ ತಪ್ಪು ಬರೆಯಬಾರದು ಎಂದು ನಮಗೆ ವರ್ಷವಿಡೀ ಕಲಿಸಿದರು. ಕೊನೆಯ ಪಾಠದ ದಿನ ತಾವು ತೂಕಡಿಸುತ್ತಿದ್ದಿರೆಂದು ಕಾಣುತ್ತದೆ. ನನ್ನ ಪ್ರಮಾಣಪತ್ರದಲ್ಲಿ 'ಮುಸರ್ರತ್' ಎಂದಿದ್ದುದನ್ನು ತಪ್ಪೆಂದು ಬಗೆದು, 'ಕುಮಾರಿ ಮುಸುರೆ ಬಾನು' ಎಂದು ತಿದ್ದಿ ಅಚ್ಚು ಹಾಕಿಸಿದಿರಿ. ನಮ್ಮ ಮನೆಮಾತಿನಲ್ಲಿ ಮುಸರ್ರತ್ ಎಂದರೆ ಸಂತೋಷ. ಮುಸುರೆ ಎಂದರೇನೆಂದು ಪಾತ್ರೆ ತಿಕ್ಕಿದ ಯಾರನ್ನು ಕೇಳಿದರೂ ಹೇಳುತ್ತಾರೆ.

ತಮ್ಮ ದೂರದೃಷ್ಟಿಯನ್ನಂತೂ ಮೆಚ್ಚಲೇಬೇಕು. ಪ್ರಾಯೋಗಿಕ ತರಬೇತಿಗೆಂದು ವಿದ್ಯಾರಣ್ಯಪುರದ ಕಚೇರಿಯೊಂದಕ್ಕೆ ಹೋದಾಗ ನನಗೆ ಮೊದಲು ವಹಿಸಿದ್ದೇ ಕಾಫಿ ಲೋಟ ತೊಳೆಯುವ ಕಾರ್ಯಭಾರ.

ಆದರೆ ನನ್ನ ಅಮ್ಮಿ, ಶಾದಿ ಮಹಲ್‌ಗಳಲ್ಲಿ ಬಿರಿಯಾನಿ ಹಂಡೆ ಉಜ್ಜಿ ನನ್ನನ್ನು ಓದಿಸಿದವಳು, ಇಷ್ಟು ದೂರ ಯೋಚಿಸಿರಲಿಲ್ಲ. ಅವಳಿಗೆ ಕನ್ನಡ ಓದಲು ಬಾರದು. 'ನಿನ್ನ ಹೆಸರು ಎಲ್ಲೈತೆ, ತೋರ್ಸು' ಎಂದಳು. ಅವಳ ಬೆರಳನ್ನು ಮುಸುರೆಯ ಮೇಲಿಟ್ಟು, ಮುಸರ್ರತ್ ಎಂದು ಓದಿದೆ. ಅವಳು ಅದಕ್ಕೇ ಮುತ್ತಿಟ್ಟಳು. ತಮ್ಮನ್ನು ವೈರು ಸಮೇತ ಕಿತ್ತು ಹೆಬ್ಬಾಳ ಕೆರೆಗೆ ಎಸೆಯುವಷ್ಟು ಸಿಟ್ಟು ಬಂತು ನನಗೆ. ಕಚೇರಿ ಶಿಷ್ಟಾಚಾರ ಕಲಿತವಳಾದ್ದರಿಂದ ಪತ್ರ ಬರೆಯುತ್ತಿದ್ದೇನೆ.

ಪ್ರಾಂಶುಪಾಲರಾದ ಕಶ್ಯಪ್ ಸರ್ ಬಳಿಗೂ ಹೋಗಿದ್ದೆ. ಅವರು ಮೊಬೈಲಿನಿಂದ ಕಣ್ಣೆತ್ತದೆ, 'ಕಂಪ್ಯೂಟರ್ ತಪ್ಪು ಮಾಡಲ್ಲಮ್ಮ. ಮನೇಲಿ ಒಂದ್ಸಲ ಕೇಳ್ಕೊಂಡ್ ಬಾ' ಎಂದರು. ನನ್ನ ಹೆಸರಿನ ವಿಷಯದಲ್ಲಿ ನನ್ನನ್ನೇ ನಂಬದವರ ಮುಂದೆ ಮತ್ತೇನು ಹೇಳಲಿ?

ಸೋಮವಾರ ಹೆಬ್ಬಾಳದ ಸಹಕಾರ ಸಂಘವೊಂದರಲ್ಲಿ ನನಗೆ ಸಂದರ್ಶನವಿದೆ. ಪ್ರಮಾಣಪತ್ರದ ಹೆಸರು ಗುರುತಿನ ಚೀಟಿಯ ಹೆಸರಿಗೆ ಹೊಂದದಿದ್ದರೆ ಒಳಗೇ ಬಿಡುವುದಿಲ್ಲವಂತೆ. ಆದ್ದರಿಂದ ತಾವು ದಯಮಾಡಿ ಇಸ್ತ್ರಿ ಮಾಡಿದ ಅಂಗಿ ತೊಟ್ಟು, ನನ್ನೊಂದಿಗೆ ಬಿಎಂಟಿಸಿ ಬಸ್ಸಿನಲ್ಲಿ ನಿಂತು ಬಂದು, ಮುಸುರೆಯೂ ಮುಸರ್ರತ್ತೂ ಒಬ್ಬಳೇ ಎಂದು ಸಾಕ್ಷಿ ನುಡಿಯಬೇಕು. ಬರುವ ದಾರಿಯಲ್ಲಿ ನಮ್ಮ ಮನೆಗೂ ಚಿತ್ತೈಸಿ, ಅಮ್ಮಿಯ ಪಾಲಿನ ಒಂದು ಹಂಡೆಯನ್ನಾದರೂ ತಿಕ್ಕಬೇಕು. ಅಷ್ಟು ಆಗದಿದ್ದರೆ, ತಾವು ನುಂಗಿದ ರಕಾರದ ಆ ಒಂದು ಒತ್ತನ್ನಾದರೂ ಕಕ್ಕಿ ಕೊಡಬೇಕಾಗಿ ಪ್ರಾರ್ಥನೆ.

ತಮ್ಮಲ್ಲಿ ವಿಶ್ವಾಸವಿಡಲೇಬೇಕೆಂದು ಅಪ್ಪಣೆಯಾಗಿರುವ, ತಮ್ಮ ವಿಶ್ವಾಸಿ,
ಮುಸರ್ರತ್ ಬಾನು
(ತಾವು ಕೈಯಾಡಿಸದಿರಲೆಂದು ಪೆನ್ನಿನಲ್ಲಿ ಬರೆದದ್ದು)

ವಿ.ಸೂ.: ಈ ಪತ್ರ ಮುಗಿಸಿದ ಮೇಲೆ, ಪ್ರಮಾಣಪತ್ರಕ್ಕಾಗಿ ಕಾಲೇಜಿಗೆ ಅಲೆಯುತ್ತಿದ್ದ ನನ್ನನ್ನೇ ಹಿಡಿದು ಕೂರಿಸಿದ್ದರಿಂದ, ವಾರ್ಷಿಕೋತ್ಸವದ ಆಹ್ವಾನಪತ್ರಿಕೆ ಟೈಪು ಮಾಡುವ ಭಾಗ್ಯ ನನ್ನದಾಯಿತು. ತಮ್ಮ ತಿದ್ದುಪಡಿಗೆ ನಾನು ಅಡ್ಡ ಬರಲಿಲ್ಲ. 'ಅಧ್ಯಕ್ಷತೆ: ಪ್ರಾಂಶುಪಾಲರಾದ ಶ್ರೀ ಕಷಾಯ' ಎಂದಾದದ್ದಕ್ಕೆ ಸರ್ ಎಂದಿನಂತೆ ಓದದೆಯೇ ಸಹಿ ಹಾಕಿದರು, ಪತ್ರಿಕೆ ರಾಜಾನುಕುಂಟೆಯವರೆಗೂ ಹಂಚಿಕೆಯಾಯಿತು. ಇವತ್ತು ಅವರು ಏದುಸಿರು ಬಿಡುತ್ತ ಬಂದಾಗ, ಕಲಿಸಿದಂತೆಯೇ ಎದ್ದು ನಿಂತು, 'ಕಂಪ್ಯೂಟರ್ ತಪ್ಪು ಮಾಡಲ್ಲ ಸರ್. ಮನೇಲಿ ಒಂದ್ಸಲ ಕೇಳ್ಕೊಂಡ್ ಬನ್ನಿ' ಎಂದೆ. ಮಧ್ಯಾಹ್ನದೊಳಗೆ ತಮ್ಮ ಬಾಯಿಗೂ ಬೀಗ ಬಿತ್ತು, ಸೋಮವಾರದ ಸಂದರ್ಶನಕ್ಕೆ ಮೊದಲೇ ನನ್ನ ಹೊಸ ಪ್ರಮಾಣಪತ್ರವೂ ಒತ್ತಿನ ಸಮೇತ ಕೈಗೆ ಬಂತು. ಸಂಜೆ ಅಮ್ಮಿಯ ಬೆರಳನ್ನು ಇನ್ನೊಮ್ಮೆ ಹೆಸರಿನ ಮೇಲಿಡುತ್ತೇನೆ; ಈ ಸಲ ಬರೆದದ್ದನ್ನೇ ಓದುತ್ತೇನೆ.