ಹಗ್ಗ ಕಟ್ಟಿದ ಪೆಟ್ಟಿಗೆಯೊಡನೆ ಅಂಗ್ಕೋರ್ ದರ್ಶನ

ಜಗತ್ತಿನ ಅತಿ ದೊಡ್ಡ ದೇವಾಲಯವೆಂದು ಎಲ್ಲರೂ ಬೆರಗಾಗುವ ಕಟ್ಟಡದೊಳಗೆ ಸೊಂಟದ ಮೇಲೆ ಕೈಯಿಟ್ಟು ನಿಂತು, "ಇದರಲ್ಲಿ ಒಂದು ದೊಡ್ಡ ತಪ್ಪುಂಟು" ಎಂದು ತೀರ್ಪು ಕೊಟ್ಟವರು ಈ ಭೂಮಿಯ ಮೇಲೆ ಒಬ್ಬರೇ ಇರಬೇಕು. ಅವರು ನನ್ನ ಸೋದರಮಾವ. ಇದನ್ನು ನಾನು ಹೆಮ್ಮೆಯಿಂದ ಹೇಳುತ್ತಿದ್ದೇನೆಂದು ದಯವಿಟ್ಟು ಭಾವಿಸಬೇಡಿ. ಇದು ದೂರು! ಸ್ವೀಕರಿಸುವ ಕಚೇರಿ ಯಾವುದೂ ಸಿಗದ ಕಾರಣ ನಿಮ್ಮ ಮುಂದೆ ಇಡುತ್ತಿದ್ದೇನೆ.

ಮಾವ ಕುವೈತಿನಲ್ಲಿ ಮೂವತ್ತು ವರ್ಷಗಳಿಂದ ಟೈಲ್ಸ್ ಕೂರಿಸುವ ಮೇಸ್ತ್ರಿ. ಅಬ್ಬಾಸಿಯಾದ ಒಂದು ಕೋಣೆಯಲ್ಲಿ ಇನ್ನು ಮೂವರೊಡನೆ ವಾಸ. ನಾನೂ ಕುವೈತಿನಲ್ಲೇ, ಫಿಂಟಾಸ್‌ನ ಕಚೇರಿಯೊಂದರಲ್ಲಿ ಡಾಕ್ಯುಮೆಂಟ್ ಕಂಟ್ರೋಲರ್. ಎಂದರೆ, ಕಾಗದಗಳ ಮೇಲೆ ಸರಿಯಾದ ಸಂಖ್ಯೆ, ಸರಿಯಾದ ಮುದ್ರೆ, ಸರಿಯಾದ ಸಹಿ ಇದೆಯೇ ಎಂದು ಪರಿಶೀಲಿಸುವವನು. ನಮ್ಮ ಕುಟುಂಬದಲ್ಲಿ ಪದವಿ ಪಡೆದ ಮೊದಲಿಗ ನಾನೇ. ಜಂಬಕ್ಕಾಗಿ ಹೇಳುತ್ತಿಲ್ಲ, ಮೊದಲಿಗನ ಕಷ್ಟ ಎರಡನೆಯವನಿಗೆ ತಿಳಿಯುವಂಥದ್ದಲ್ಲ. ಫೋರ್ಕನ್ನು ಯಾವ ಕೈಯಲ್ಲಿ ಹಿಡಿಯಬೇಕು, ಹೋಟೆಲಿನ ಹಾಸಿಗೆಯ ಮೇಲಿರುವ ಆರು ದಿಂಬುಗಳಲ್ಲಿ ತಲೆಗೆ ಯಾವುದು ಎಂದು ಕೇಳೋಣವೆಂದರೆ ಮನೆಯಲ್ಲಿ ಬಲ್ಲವರು ಯಾರಿದ್ದಾರೆ? ಎಲ್ಲವನ್ನೂ ಪಕ್ಕದ ಮೇಜಿನವರನ್ನು ಓರೆಗಣ್ಣಿನಿಂದ ನೋಡಿಯೇ ಕಲಿಯಬೇಕು.

ನಮ್ಮ ಮನೆಮಾತು ತುಳು. ನನ್ನ ಬಿ.ಎ. ಫಲಿತಾಂಶ ಬಂದ ದಿನ ಫೋನಿನಲ್ಲಿ ಮಾವ ಇದ್ದಕ್ಕಿದ್ದಂತೆ ಕನ್ನಡಕ್ಕೆ ಹೊರಳಿದರು. ಹೊರಳಿದವರು ಇಂದಿಗೂ ಹಿಂದಿರುಗಿಲ್ಲ! ಉಳಿದವರೊಡನೆಲ್ಲ ಸೊಗಸಾದ ತುಳು. ನನ್ನೊಡನೆ ಮಾತ್ರ ಕನ್ನಡ.

"ನನ್ನ ಹತ್ರ ಮಾತ್ರ ಯಾಕೆ ಮಾವಾ ಹೀಗೆ?"

"ಕಲಿತವರ ಹತ್ರ ಕನ್ನಡದಲ್ಲೇ ಮಾತಾಡ್ಬೇಕು ಮಾರಾಯಾ. ಶಾಲೆಯಲ್ಲಿ ಮಾಸ್ಟ್ರ ಹತ್ರ ನಾವು ತುಳು ಮಾತಾಡ್ತಿದ್ದೆವಾ?"

ಎತ್ತಿ ಆಡಿಸಿದ ಅಳಿಯನನ್ನು ಮಾಸ್ತರರ ಸಾಲಿಗೆ ಸೇರಿಸಿ ದೂರ ಕೂರಿಸುವುದು ಯಾವ ನ್ಯಾಯ?

ಇಂಥ ಮಾವ ಬರುವ ಮಾರ್ಚಿನಲ್ಲಿ ಕುವೈತನ್ನು ಬಿಟ್ಟು ಊರಿಗೆ ಹೊರಡುವುದೆಂದು ನಿಶ್ಚಯವಾಯಿತು. "ಮೊಣಕಾಲು ಖಲಾಸ್" ಎಂಬುದು ಅವರು ಕೊಟ್ಟ ಕಾರಣ. ಮೂವತ್ತು ವರ್ಷ ನೆಲದ ಮೇಲೆ ಕುಕ್ಕರಗಾಲಿನಲ್ಲಿ ಕೂತವರಿಗೆ ಇನ್ನೇನಾದೀತು! ಆಗ ನನಗೊಂದು ಸಂಗತಿ ಹೊಳೆಯಿತು. ಮಾವ ಎಷ್ಟೋ ಸಲ ವಿಮಾನ ಹತ್ತಿದ್ದರೂ ಊರಿಗಲ್ಲದೆ ಬೇರೆಲ್ಲಿಗೂ ಹೋದವರಲ್ಲ. ಪ್ರತಿ ಸಲವೂ ಹಗ್ಗ ಕಟ್ಟಿದ ದೊಡ್ಡ ರಟ್ಟಿನ ಪೆಟ್ಟಿಗೆ. ಅದರ ಮೇಲೆ ಮಾರ್ಕರ್ ಪೆನ್ನಿನಲ್ಲಿ ಊರಿನಲ್ಲಿ ಅದನ್ನು ಪಡೆಯಬೇಕಾದವರ ಹೆಸರು. ಹೊರಡುವ ಮೊದಲು ಒಮ್ಮೆಯಾದರೂ ಈ ಮನುಷ್ಯ ಯಾರಿಗೂ ಏನನ್ನೂ ಹೊರದೆ, ಕೈಬೀಸಿಕೊಂಡು, ನೋಡುವುದಕ್ಕೆಂದೇ ಒಂದು ಊರಿಗೆ ಹೋಗಬೇಕು ಎಂದು ನನಗೆ ಹಟ ಹುಟ್ಟಿತು. ಕಲ್ಲಿನ ಕೆಲಸದವರಿಗೆ ಕಾಂಬೋಡಿಯಾದ ಅಂಗ್ಕೋರ್‌ಗಿಂತ ತಕ್ಕ ಊರು ಯಾವುದು? ನಾನು ಹನ್ನೊಂದು ಪುಟಗಳ ವೇಳಾಪಟ್ಟಿ ಸಿದ್ಧಪಡಿಸಿದೆ. ಲ್ಯಾಮಿನೇಟ್ ಕೂಡ ಮಾಡಿಸಿದೆ.

ಮೊದಲ ಅಪಮಾನ ಮಾವನ ಕಂಪನಿಯಲ್ಲೇ ಕಾದಿತ್ತು. ದೇಶ ಬಿಟ್ಟು ಹೊರಡಲು ಅನುಮತಿ ಬೇಕಲ್ಲ? ಸರಕಾರಿ ಕಾಗದಪತ್ರ ನೋಡಿಕೊಳ್ಳುವ ಮಂದೂಬ್ ಮಾವನನ್ನು ಹಿಂದಿಯಲ್ಲಿ ವಿಚಾರಿಸಿದನಂತೆ.

"ಊರಿಗಾ ಭಾಯಿ?"

"ಅಲ್ಲ. ಕಾಂಬೋಡಿಯಾ."

"ಕೆಲಸ ಸಿಕ್ಕಿತಾ?"

"ಇಲ್ಲ."

"ಮದುವೆಯಾ?"

"ಈ ವಯಸ್ಸಿನಲ್ಲಾ!"

"ಮತ್ತೆ ಎಂತಕ್ಕೆ?"

"ನೋಡ್ಲಿಕ್ಕೆ."

ಆತ ಹತ್ತು ನಿಮಿಷ ಯೋಚಿಸಿ ನನಗೆ ಫೋನು ಮಾಡಿ, ನಿಮ್ಮ ಮಾವನ ಆರೋಗ್ಯ ಸರಿಯಿದೆಯೇ ಎಂದು ಕೇಳಿದ! ಮೇಸ್ತ್ರಿಯೊಬ್ಬ ಒಂದು ಊರನ್ನು ನೋಡಲು ಹೊರಟರೆ ಅದು ಕಾಯಿಲೆಯ ಲಕ್ಷಣವೇ? ನಾನು ಸಿಟ್ಟಿನಲ್ಲಿ, ಆದರೆ ವ್ಯಾಕರಣಶುದ್ಧವಾದ ಇಂಗ್ಲಿಷಿನಲ್ಲಿ, ಪತ್ರ ಬರೆದುಕೊಟ್ಟೆ.

ಜನವರಿಯ ಒಂದು ಮುಂಜಾನೆ ಅಬ್ಬಾಸಿಯಾದಲ್ಲಿ ಟ್ಯಾಕ್ಸಿ ನಿಲ್ಲಿಸಿ ನೋಡುತ್ತೇನೆ, ಮಾವನ ಪಕ್ಕದಲ್ಲಿ ಅವರ ಸೊಂಟದೆತ್ತರದ ರಟ್ಟಿನ ಪೆಟ್ಟಿಗೆ! ನಾಲ್ಕು ಸುತ್ತು ಹಗ್ಗ, ಅದರ ಮೇಲೆ ಟೇಪು.

"ಮಾವಾ, ನಾವು ಊರಿಗೆ ಹೋಗ್ತಾ ಇಲ್ಲ. ಪ್ರವಾಸ ಇದು!"

"ಗೊತ್ತುಂಟು ಮಾರಾಯಾ. ಹಾಗಂತ ಬರಿಗೈಯಲ್ಲಿ ಹೋಗ್ಲಿಕ್ಕಾಗ್ತದಾ?"

"ಇದರಲ್ಲಿ ಎಂತ ಉಂಟು?"

"ಮೂರು ಕಂಬಳಿ. ಸ್ವಲ್ಪ ಖರ್ಜೂರ, ಹಾಲಿನ ಪುಡಿ, ನೋವಿನ ಮುಲಾಮು, ಸೋಪು, ಎರಡು ಟಾರ್ಚು."

"ಯಾರಿಗೆ? ಅಲ್ಲಿ ನಮಗೆ ಯಾರಿದ್ದಾರೆ?"

"ಯಾರಾದ್ರೂ ಇರ್ತಾರಲ್ಲ" ಎಂದು ಮಾವ ನಿಶ್ಚಿಂತೆಯಿಂದ ಹೇಳಿದರು.

ಕಂಬಳಿಯ ಹೊಣೆಯನ್ನಂತೂ ಅವರು ನನ್ನ ತಲೆಗೇ ಕಟ್ಟಿದರು. ಈ ತಿಂಗಳುಗಳಲ್ಲಿ ಅಲ್ಲಿ ತಂಪಾದ ಒಣಹವೆ ಎಂದು ಕೈಪಿಡಿಯಿಂದ ಓದಿ ಹೇಳಿದವನು ನಾನೇ. ಕುವೈತಿನವರಿಗೆ ತಂಪು ಮತ್ತು ಒಣ ಎರಡೂ ಸೇರಿದರೆ ನೆನಪಾಗುವುದು ಒಂದೇ: ಮರುಭೂಮಿಯಿಂದ ಬೀಸಿ ಮೂಳೆಯ ತನಕ ಇಳಿಯುವ ಜನವರಿಯ ಗಾಳಿ! ಮಾವ ಸ್ವೆಟರಿನ ಮೇಲೆ ಜಾಕೆಟು, ತಲೆಗೆ ಮಂಕಿ ಟೋಪಿ ಧರಿಸಿ ಸನ್ನದ್ಧರಾಗಿದ್ದರು. ನಾನು ಕೈಪಿಡಿಯ ಚಿತ್ರದಲ್ಲಿದ್ದಂತೆ ತೆಳ್ಳನೆಯ ಹತ್ತಿಯ ಅಂಗಿಯನ್ನು ಚೀಲದಲ್ಲಿಟ್ಟಿದ್ದೆ.

ಇಷ್ಟಕ್ಕೇ ಮುಗಿದಿದ್ದರೆ ನಾನು ಈ ಪ್ರಬಂಧ ಬರೆಯುತ್ತಿರಲಿಲ್ಲ. ಪೆಟ್ಟಿಗೆಯನ್ನು ಟ್ಯಾಕ್ಸಿಗೆ ಏರಿಸುವಾಗ ಅದರ ಮುಖ ನನ್ನ ಕಡೆ ತಿರುಗಿತು. ಅಂಗೈಯಗಲದ ಇಂಗ್ಲಿಷ್ ಅಕ್ಷರಗಳಲ್ಲಿ ನನ್ನ ಪೂರ್ಣ ಹೆಸರು! ಅದರ ಮುಂದೆ 'ಬಿ.ಎ.'! ಅದರ ಕೆಳಗೆ, 'ಕುವೈತ್‌ನಿಂದ ಅಂಗ್ಕೋರ್, ವಯಾ ಬ್ಯಾಂಕಾಕ್'!

"ಡಿಗ್ರಿ ಯಾಕೆ ಹಾಕಿದ್ದು ಮಾವಾ?"

"ಕಸ್ಟಮ್ಸ್‌ನವರು ನೋಡಿ ಮರ್ಯಾದೆ ಕೊಡ್ಲಿ ಅಂತ. ನನ್ನ ಹೆಸರು ಹಾಕಿದ್ರೆ ಬಿಚ್ಚಿ ನೋಡ್ತಾರೆ."

ಅಂಗ್ಕೋರ್‌ಗೆ ಹೋಗುವವರು ಇಳಿಯುವ ಸಿಯೆಮ್ ರೀಪ್ ವಿಮಾನ ನಿಲ್ದಾಣದ ಆ ಹದಿನೈದು ನಿಮಿಷಗಳನ್ನು ನಾನು ಮರೆಯಲಾರೆ. ಸಾಮಾನು ಹೊತ್ತು ತಿರುಗುವ ಪಟ್ಟಿಯ ಮೇಲೆ ನುಣುಪಾದ ಗಾಲಿಪೆಟ್ಟಿಗೆಗಳು ಮೆಲ್ಲಗೆ ಬರುತ್ತಿದ್ದವು. ಅವುಗಳ ನಡುವೆ, ಹಗ್ಗ ಸಡಿಲಗೊಂಡು ಒಂದು ಪಕ್ಕಕ್ಕೆ ವಾಲಿದ ನನ್ನ ಹೆಸರು, ನನ್ನ ಪದವಿಯ ಸಮೇತ! ಪಕ್ಕದಲ್ಲಿದ್ದ ವಿದೇಶಿ ಮಹಿಳೆಯೊಬ್ಬರು ಅದನ್ನು ಮೆಲ್ಲಗೆ ಓದಿ ಸುತ್ತಲೂ ನೋಡಿದರು. ಆ ಪದವೀಧರನ ಪರಿಚಯವೇ ನನಗಿಲ್ಲ ಎಂಬಂತೆ ನಾನು ಮೇಲ್ಛಾವಣಿಯನ್ನು ಪರಿಶೀಲಿಸತೊಡಗಿದೆ. ಅದು ಒಂದು ಸುತ್ತು ಹೋಯಿತು. ಎರಡನೆಯ ಸುತ್ತೂ ಹೋಯಿತು. ಮೂರನೆಯ ಸುತ್ತಿಗೆ, ಶೌಚಾಲಯದಿಂದ ಹಿಂದಿರುಗಿದ ಮಾವ ಇಡೀ ನಿಲ್ದಾಣಕ್ಕೆ ಕೇಳುವಂತೆ ಕೂಗಿದರು: "ಏ, ನಿನ್ನ ಹೆಸರು ಬಂತು! ಎತ್ತು, ಎತ್ತು! ಯಲ್ಲಾ, ಬೇಗ!"

ಎತ್ತಿದೆ. ಇನ್ನೇನು ಮಾಡಲಿ?

ಮರುದಿನ ಸೂರ್ಯೋದಯ ನೋಡಲು ಬೆಳಗಿನ ಐದಕ್ಕೇ ಟುಕ್‌ಟುಕ್ ಹತ್ತಿದೆವು. ಅದು ನಮ್ಮ ಆಟೋರಿಕ್ಷಾದ ಸೋದರಸಂಬಂಧಿ; ನಾಲ್ಕೂ ಕಡೆ ತೆರೆದದ್ದು. ಮರಗಳ ನಡುವಿನ ರಸ್ತೆಯಲ್ಲಿ ಅದು ವೇಗ ಹಿಡಿದದ್ದೇ ತಡ, ಕೈಪಿಡಿಯ ಅಂಗಿಯೊಳಗೆ ನನ್ನ ಹಲ್ಲುಗಳು ಕಟಕಟಿಸತೊಡಗಿದವು. ಮಾವ ಮಂಕಿ ಟೋಪಿಯೊಳಗಿಂದ ನೋಡಿದರು.

"ತಂಪು ಹವೆ ಅಂತ ನೀನೇ ಓದಿ ಹೇಳಿದ್ದಲ್ವಾ?"

ಎಂದು ಚೀಲದಿಂದ ಒಂದು ಕಂಬಳಿ ಎಳೆದು ನನ್ನ ಮಡಿಲಿಗೆ ಹಾಕಿದರು. ಜಗತ್ಪ್ರಸಿದ್ಧ ಸೂರ್ಯೋದಯದ ಮುಂದೆ, ಕ್ಯಾಮೆರಾ ಹಿಡಿದ ನೂರಾರು ಸಭ್ಯ ಪ್ರವಾಸಿಗರ ನಡುವೆ, ನಾನು ನಿಂತದ್ದು ಬಾಯಿ ತೆರೆದ ಹುಲಿಯ ಚಿತ್ರವಿರುವ ಕೆಂಪು ಕಂಬಳಿ ಹೊದ್ದು! ಕೊಳದ ನೀರಿನಲ್ಲಿ ಐದು ಗೋಪುರಗಳ ಪ್ರತಿಬಿಂಬ. ಅದರ ಪಕ್ಕದಲ್ಲಿ ಹುಲಿಯ ಪ್ರತಿಬಿಂಬ. ಹಿಂದಿರುಗಿ ಬಂದಾಗ ಟುಕ್‌ಟುಕ್ ಚಾಲಕ ಕಂಬಳಿಯನ್ನು ಮುಟ್ಟಿ, ತನ್ನ ತಾಯಿಗೆ ಬೆಳಗಿನ ಹೊತ್ತು ಬಹಳ ಚಳಿ ಎಂದ. ಅಷ್ಟು ಸಾಕಾಯಿತು. ಹುಲಿ ಅವನ ಪಾಲಾಯಿತು. ಹತ್ತು ಗಂಟೆಗೆ ಸುಡುವ ಬಿಸಿಲು. ನಾನು ಬೆವರಿ ತೊಪ್ಪೆಯಾದೆ. ಸ್ವೆಟರು ಬಿಚ್ಚದ ಮಾವ, "ಇದು ಬಿಸಿಲಾ?" ಎಂದು ಕನಿಕರದಿಂದ ನಕ್ಕರು.

ಹೀಗೇ ಎರಡು ದಿನ. ನಾನು ವೇಳಾಪಟ್ಟಿ ಹಿಡಿದು ಮುಂದೆ. ಮಾವ ಚೀಲದಲ್ಲಿ ಪೆಟ್ಟಿಗೆಯ ಸಾಮಾನು ತುಂಬಿಕೊಂಡು ಹಿಂದೆ. ಅಂಗಳ ಗುಡಿಸುವ ಹೆಂಗಸಿಗೆ ಮುಲಾಮು. ಹೋಟೆಲಿನ ಕಾವಲುಗಾರನಿಗೆ ಟಾರ್ಚು. ಬುದ್ಧನ ಮುಂದೆ ಊದಿನಕಡ್ಡಿ ಹಿಡಿದು ಕೂತಿದ್ದ ಅಜ್ಜಿಗೆ ಖರ್ಜೂರ. ಇದನ್ನು ಪ್ರವಾಸವೆನ್ನುತ್ತಾರೆಯೇ?

ಮೂರನೆಯ ದಿನ ಅಂಗ್ಕೋರ್ ವಾಟ್‌ನ ಒಳಾಂಗಣಕ್ಕೆ ಹೋದೆವು. ಅಲ್ಲಿ ಮಾವ ಜಾಕೆಟಿನ ಜೇಬಿನಿಂದ ತಮ್ಮ ರಸಮಟ್ಟವನ್ನು ಹೊರತೆಗೆದರು. ನೆಲ ಸಮವಾಗಿದೆಯೇ ಎಂದು ತೋರಿಸುವ, ಒಳಗೊಂದು ಗುಳ್ಳೆ ಓಡಾಡುವ, ಮೇಸ್ತ್ರಿಗಳ ಆ ಪಟ್ಟಿ! ನಾನು "ಬೇಡ ಮಾವಾ" ಎನ್ನುವಷ್ಟರಲ್ಲಿ ಶತಮಾನಗಳಷ್ಟು ಹಳೆಯ ಕಲ್ಲಿನ ಮೇಲೆ ಅದನ್ನಿಟ್ಟು ಕುಕ್ಕರಗಾಲಿನಲ್ಲಿ ಕೂತೇಬಿಟ್ಟರು. ಕಾವಲುಗಾರ ಸೀಟಿ ಊದಿದ. ನಾನು ಹದಿನಾರು ಸಲ ಕ್ಷಮೆ ಕೇಳಿದೆ.

ಸೀಟಿಯ ಸದ್ದಿಗೆ ಅಟ್ಟಣಿಗೆಯಿಂದ ಇನ್ನೊಬ್ಬರು ಇಳಿದು ಬಂದರು. ಗೋಡೆ ದುರಸ್ತಿ ಮಾಡುತ್ತಿದ್ದ ವಯಸ್ಸಾದ ಕಲ್ಲುಕೆಲಸದವರು. ಅವರ ಸೊಂಟದಲ್ಲೂ ಒಂದು ರಸಮಟ್ಟ! ಇಬ್ಬರೂ ಒಬ್ಬರನ್ನೊಬ್ಬರು ನೋಡಿದರು. ನಂತರ ಇಬ್ಬರೂ ಕುಕ್ಕರಗಾಲಿನಲ್ಲಿ. ಮಾವ ಕಲ್ಲಿನ ಸಂದಿಯಲ್ಲಿ ಉಗುರು ತೂರಿಸಲು ನೋಡಿದರು, ತೂರಲಿಲ್ಲ. ಅವರು ನಕ್ಕರು. ಇವರು ತುಳುವಿನಲ್ಲಿ, ಅವರು ಖ್ಮೇರ್‌ನಲ್ಲಿ, ಮುಕ್ಕಾಲು ಗಂಟೆ ನಿರಾತಂಕವಾಗಿ ಮಾತನಾಡಿದರು. ಗಮನಿಸಿ, ಅಪರಿಚಿತನೊಡನೆ ತುಳು, ನನ್ನೊಡನೆ ಕನ್ನಡ! ಒಂದಿಷ್ಟು ಹೊತ್ತಿನ ಮೇಲೆ ಇಬ್ಬರೂ ಪ್ಯಾಂಟು ಮೇಲೆತ್ತಿ ತಮ್ಮ ತಮ್ಮ ಮೊಣಕಾಲು ತೋರಿಸಿಕೊಂಡರು. ಉಳಿದ ಮುಲಾಮು, ಉಳಿದ ಎರಡು ಕಂಬಳಿ ಅವರಿಗೆ ಸಂದವು. ಬೆಟ್ಟದ ಮೇಲಿನ ಸೂರ್ಯಾಸ್ತ, ವೇಳಾಪಟ್ಟಿಯ ಒಂಬತ್ತನೆಯ ಪುಟ, ತಪ್ಪಿಹೋಯಿತು.

ಎದ್ದು ನಿಂತ ಮಾವ ಗೋಪುರದ ಕಡೆ ನೋಡಿ, ನಾನು ಆರಂಭದಲ್ಲಿ ಹೇಳಿದ ತೀರ್ಪನ್ನು ಕೊಟ್ಟರು.

"ಇದರಲ್ಲಿ ಒಂದು ದೊಡ್ಡ ತಪ್ಪುಂಟು."

"ಮೆಟ್ಟಿಲು ಸಮ ಇಲ್ವಾ?" ಎಂದೆ ವ್ಯಂಗ್ಯವಾಗಿ.

"ಛೆ! ಕೆಲಸದಲ್ಲಿ ತಪ್ಪಿಲ್ಲ. ಕಟ್ಟಿದ ಮೇಸ್ತ್ರಿಯ ಹೆಸರು ಎಲ್ಲುಂಟು? ಬಂದಾಗಿಂದ ಹುಡುಕ್ತಾ ಇದ್ದೇನೆ."

"ಕಟ್ಟಿಸಿದ ರಾಜನ ಹೆಸರಿದೆ ಮಾವಾ. ಪುಸ್ತಕದಲ್ಲಿ ಇದೆ."

"ರಾಜ ಕಲ್ಲು ಹೊತ್ತನಾ?"

ನಾನು ಹನ್ನೊಂದು ಪುಟಗಳನ್ನೂ ಮಗುಚಿ ನೋಡಿದೆ. ಉತ್ತರ ಗೊತ್ತಿಲ್ಲದಾಗ ನನಗೆ ಸಿಟ್ಟು ಬರುತ್ತದೆ. ಬಂತು.

ಹೊರಡುವ ಬೆಳಿಗ್ಗೆ ಪೆಟ್ಟಿಗೆ ಬರಿದಾಗಿತ್ತು. ನನಗೆ ಬಿಡುಗಡೆಯಾದಂತಾಯಿತು. ಇನ್ನಾದರೂ ನಾವು ಸಭ್ಯ ಪ್ರವಾಸಿಗರಂತೆ ಕೈಬೀಸಿಕೊಂಡು ಹಿಂದಿರುಗಬಹುದಲ್ಲ! ಅದನ್ನು ಹೋಟೆಲಿನ ಕಸದ ತೊಟ್ಟಿಯ ಪಕ್ಕ ಇಟ್ಟು ಬಂದೆ. ಟುಕ್‌ಟುಕ್ ಬಂದು ನಿಂತಾಗ ಮಾವ ಕಾಣಿಸಲಿಲ್ಲ. ಐದು ನಿಮಿಷ, ಹತ್ತು ನಿಮಿಷ. ಕೊನೆಗೆ ಕಟ್ಟಡದ ಹಿಂದಿನಿಂದ ಕುಂಟುತ್ತ ಬಂದರು. ಕಂಕುಳಲ್ಲಿ ಚಪ್ಪಟೆಯಾಗಿ ಮಡಿಸಿದ ಅದೇ ರಟ್ಟು!

ಇಷ್ಟು ದಿನ ಅದುಮಿಟ್ಟದ್ದೆಲ್ಲ ಹೊರಬಂತು.

"ಮಾವಾ, ಅದು ಕಸ! ಖಾಲಿ ರಟ್ಟು! ಅದನ್ನೂ ಹೊತ್ತುಕೊಂಡು ಕುವೈತಿಗೆ ಹೋಗ್ಬೇಕಾ? ಒಂದು ಸಲ, ಒಂದೇ ಒಂದು ಸಲ, ಏನನ್ನೂ ಹೊರದೆ ನಡೆಯಲಿಕ್ಕೆ ನಿಮ್ಮಿಂದ ಆಗುವುದಿಲ್ವಾ?"

ಮಾವ ತಪ್ಪು ಮಾಡಿದ ವಿದ್ಯಾರ್ಥಿಯಂತೆ ನಿಂತರು.

"ನಿನ್ನ ಹೆಸರು ಉಂಟಲ್ಲ ಮಾರಾಯಾ ಇದ್ರಲ್ಲಿ" ಎಂದರು. "ಡಿಗ್ರಿ ಸಮೇತ ಉಂಟು. ಬಿಟ್ಟು ಹೋದ್ರೆ ಯಾರಾದ್ರೂ ಮೆಟ್ಟುವುದಿಲ್ವಾ?"

ಟುಕ್‌ಟುಕ್ ಹೊರಟಿತು. ಗಾಳಿಗೆ ರಟ್ಟು ಪಟಪಟ ಬಡಿಯುತ್ತಿತ್ತು; ಮಾವ ಎರಡೂ ಕೈಗಳಿಂದ ಅದನ್ನು ಎದೆಗೆ ಒತ್ತಿಕೊಂಡಿದ್ದರು. ಪೆಟ್ಟಿಗೆ ಬಿಚ್ಚಿದ ಮೇಲೆ ಅದರ ಹಳೆಯ ಮಡಿಕೆಯಲ್ಲೇ ಮಡಿಸುವುದು ಸುಲಭ. ಆದರೆ ಆ ಮಡಿಕೆ ಸರಿಯಾಗಿ ನನ್ನ ಹೆಸರಿನ ಮೇಲೆ ಬೀಳುತ್ತಿತ್ತು. ಮಾವ ಅದನ್ನು ಬಿಟ್ಟು, ದಪ್ಪ ರಟ್ಟನ್ನು ಕಷ್ಟಪಟ್ಟು ಬೇರೊಂದು ಕಡೆ ಬಗ್ಗಿಸಿದ್ದರು. ಒಂದು ಅಕ್ಷರವೂ ಮುರಿದಿರಲಿಲ್ಲ.

ರಟ್ಟಿನ ಇನ್ನೊಂದು ತುದಿಯನ್ನು ನಾನು ಹಿಡಿದುಕೊಂಡೆ. ಮಾವನೊಡನೆ ತುಳುವಿನಲ್ಲಿ ಏನೋ ಹೇಳಬೇಕೆನಿಸಿತು. ವಿಮಾನ ನಿಲ್ದಾಣ ಬರುವ ತನಕ ನಾವಿಬ್ಬರೂ ಅದನ್ನು ಹಾಗೆಯೇ, ಮಟ್ಟ ತಪ್ಪದಂತೆ, ಹಿಡಿದುಕೊಂಡು ಕೂತಿದ್ದೆವು.